ಐಸ್ ಇಲ್ಲದ ಊರಿನ ಹಾಕಿ ತಂಡ

ನ್ಯೂಜಿಲೆಂಡಿಗೆ ಹೋಗಿ ಬಂದವರೆಲ್ಲ ಹಿಮದ ಬೆಟ್ಟ, ನೀಲಿ ಸರೋವರ, ಕುರಿ ಹಿಂಡು ಅಂತ ಬರೆಯುತ್ತಾರೆ. ನಾನು ಬೆಟ್ಟ ಹತ್ತಲಿಲ್ಲ, ಸರೋವರ ನೋಡಲಿಲ್ಲ, ಕುರಿಗಳನ್ನು ಮಾತ್ರ ಕಾರಿನ ಕಿಟಕಿಯಿಂದ ಕಂಡೆ. ಆರು ವಾರ ಆ ದೇಶದಲ್ಲಿದ್ದು ನಾನು ಕಣ್ತುಂಬ ನೋಡಿದ್ದು ತಗಡಿನ ಛಾವಣಿಯ ಒಂದು ದೊಡ್ಡ ಶೆಡ್ಡು. ಅದರೊಳಗೆ ಹಾಸಿದ ಮಂಜುಗಡ್ಡೆ, ಅದರ ಮೇಲೆ ಕೋಲು ಹಿಡಿದು ಬಡಿದಾಡುವ ಕಾಲೇಜು ಹುಡುಗ ಹುಡುಗಿಯರು. “ಅಷ್ಟು ದೂರ ಹೋಗಿ ಅದೇನ್ ನೋಡಿದ್ರಿ ಟೀಚರ್?” ಎಂದು ಊರಲ್ಲಿ ಕೇಳದವರಿಲ್ಲ. ಕೇಳಲಿ. ಇನ್ನೊಮ್ಮೆ ಕಳಿಸಿದರೆ ಇನ್ನೊಮ್ಮೆ ಅದನ್ನೇ ನೋಡುತ್ತೇನೆ.

ಆಕ್ಲೆಂಡ್ ವಿಮಾನ ನಿಲ್ದಾಣ

ನಾನು ರಜಿಯಾ. ಬೆಟಗೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಟೀಚರಾಗಿದ್ದೆ. ಸೀಟಿ ಊದಿ ಊದಿ ನನ್ನ ದನಿಯೇ ಸೀಟಿಯಾಗಿದೆ ಎಂದು ನಮ್ಮ ಹೆಡ್‌ಮಾಸ್ಟರು ಅನ್ನುತ್ತಿದ್ದರು. ನಿವೃತ್ತಿಯಾದ ಮರುವರ್ಷ, ಎರಡು ಸಾವಿರದ ಏಳರಲ್ಲಿ, ತಮ್ಮ ಬಷೀರ ಟಿಕೆಟ್ ಕಳಿಸಿದ. ಅವನು ಹ್ಯಾಮಿಲ್ಟನ್ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾನೆ. ಹೋಗಿ ಇಪ್ಪತ್ತು ವರ್ಷವಾದರೂ ಅಕ್ಕನನ್ನು ಕರೆಸಿಕೊಳ್ಳಬೇಕೆಂದು ಅವನಿಗೆ ಈಗ ಯಾಕೆ ನೆನಪಾಯಿತು ಎಂದು ನಾನು ಕೇಳಲಿಲ್ಲ. ಟಿಕೆಟ್ ಬಂದರೆ ಯಾರು ಕೇಳುತ್ತಾರೆ?

ಇಳಿದ ಕೂಡಲೇ ಮೊದಲ ಜಗಳ. ಕಸ್ಟಮ್ಸಿನ ಹೆಂಗಸು, ನನಗಿಂತ ಎರಡು ಪಟ್ಟು ದೊಡ್ಡವಳು, ನನ್ನ ಬ್ಯಾಗಿನಿಂದ ಕ್ಯಾನ್ವಾಸ್ ಬೂಟು ಎತ್ತಿ ಹಿಡಿದು ತಳ ನೋಡಿದಳು. ಮಣ್ಣಿದೆಯಲ್ಲ ಎಂದಳು. ಇದೆ, ಬೆಟಗೇರಿ ಮೈದಾನದ್ದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಪರದೇಶದ ಮಣ್ಣು ಒಂದು ಚಿಟಿಕೆಯೂ ಒಳಗೆ ಬರುವಂತಿಲ್ಲವಂತೆ. ಬೂಟು ತೆಗೆದುಕೊಂಡು ಒಳಗೆ ಹೋದಳು. ಮೂವತ್ತೆರಡು ವರ್ಷ ಮಕ್ಕಳನ್ನು ಆ ಮಣ್ಣಿನಲ್ಲಿ ಓಡಿಸಿದವಳು ನಾನು, ಅದೇನು ರೋಗವೇ ಎಂದು ವಾದಿಸಬೇಕೆನ್ನುವಷ್ಟರಲ್ಲಿ ಆಕೆ ಹೊರಬಂದಳು. ಬೂಟನ್ನು ಬ್ರಷ್ ಹಾಕಿ ತಿಕ್ಕಿ, ಲೇಸಿನ ಸಮೇತ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡೂ ಕೈಯಲ್ಲಿ ಕೊಟ್ಟಳು. ನಾನೇ ಅವನ್ನು ಅಷ್ಟು ಬೆಳ್ಳಗೆ ಒಮ್ಮೆಯೂ ತೊಳೆದಿರಲಿಲ್ಲ. ಜಗಳ ಬಾಯಲ್ಲೇ ಉಳಿಯಿತು.

ಹ್ಯಾಮಿಲ್ಟನ್ನಿಗೆ ಕಾರಿನಲ್ಲಿ ಒಂದೂವರೆ ತಾಸು. ಅರ್ಧ ದಾರಿಯಲ್ಲಿ ಬಷೀರ ವಿಷಯಕ್ಕೆ ಬಂದ.

“ಆಪಾ, ನಿನ್ನ ಒಂದ್ ಕೆಲಸಕ್ಕ ಕರಸೀನಿ.”

“ಗೊತ್ತಿತ್ತು ಬಿಡು. ಹೇಳು.”

“ಶಬಾನಾ ಐಸ್ ಹಾಕಿ ಆಡ್ತಾಳ. ಗೋಲ್‌ಕೀಪರ್. ನೀ ಬಿಡಸಬೇಕು.”

ನನಗೆ ನಗು ಬಂತು. ಆಟ ಬಿಡಿಸಲು ಆಟದ ಟೀಚರನ್ನು ಟಿಕೆಟ್ ಕೊಟ್ಟು ಕರೆಸಿದ ಪುಣ್ಯಾತ್ಮ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಆದರೆ ಅವನ ಲೆಕ್ಕ ಬೇರೆಯಿತ್ತು. ಕಾಲೇಜಿನ ಹಾಕಿ ತಂಡದಲ್ಲಿ ನಾನೂ ಗೋಲ್‌ಕೀಪರಾಗಿದ್ದೆ. ಚೆಂಡು ಬಡಿದು ಹಲ್ಲು ಮುರಿದ ಮೇಲೆ ಹತ್ತೊಂಬತ್ತಕ್ಕೇ ಆಟ ಬಿಟ್ಟೆ. ನಾನೂ ಬಿಟ್ಟೆ, ಏನೂ ಕಳಕೊಳ್ಳಲಿಲ್ಲ, ನೀನೂ ಬಿಡು ಎಂದು ನಾನು ಹೇಳಿದರೆ ಹುಡುಗಿ ಕೇಳುತ್ತಾಳೆ ಎಂದು ಅವನ ನಂಬಿಕೆ.

“ಹೋದ ವರ್ಷ ಆಕಿ ಕೊರಳ ಕೆಳಗಿನ ಎಲುಬು ಮುರೀತು ಆಪಾ. ಆ ಎಕ್ಸ್‌ರೇ ತಗದಾಂವ ನಾನ. ಬ್ಯಾರೇವ್ರ ಮಕ್ಕಳ ಎಲುಬು ದಿನಾ ನೋಡ್ತೀನಿ, ಏನೂ ಅನಸೂದಿಲ್ಲ. ಅವತ್ತ ಮೊದಲ ತಗದದ್ದು ಕೆಟ್ಟು ಎರಡ ಸಲ ತಗೀಬೇಕಾತು.”

ಅದಕ್ಕೆ ನಾನು ನಗಲಿಲ್ಲ.

ಹ್ಯಾಮಿಲ್ಟನ್

ಹಾಲು, ಬೆಣ್ಣೆ, ದನಗಳ ಸೀಮೆ. ಊರು ಚೊಕ್ಕಟ, ಜನ ಒಳ್ಳೆಯವರು, ಆದರೆ ಕಾಲಿಗೆ ಚಪ್ಪಲಿಯಿಲ್ಲ. ಚಳಿಗಾಲದಲ್ಲಿ, ಬಾಯಿಂದ ಹೊಗೆ ಬರುವಷ್ಟು ಥಂಡಿಯಲ್ಲಿ, ದೊಡ್ಡ ದೊಡ್ಡ ಗಂಡಸರು ಬರಿಗಾಲಲ್ಲಿ ಅಂಗಡಿಗೆ ಬಂದು ಬ್ರೆಡ್ಡು ಆರಿಸುತ್ತಾರೆ. ಬಡತನವೇನೋ ಎಂದು ಮರುಗಿದೆ. ಆಮೇಲೆ ನೋಡಿದರೆ ಅದೇ ಮನುಷ್ಯ ನಮ್ಮ ಮನೆಯಷ್ಟು ಉದ್ದದ ಕಾರು ಹತ್ತಿ ಹೋದ. ನಮ್ಮಲ್ಲಿ ಮಕ್ಕಳು ಬರಿಗಾಲಲ್ಲಿ ಮೈದಾನಕ್ಕೆ ಬಂದರೆ ಇನ್ಸ್‌ಪೆಕ್ಟರು ನನಗೆ ನೋಟೀಸು ಕೊಡುತ್ತಿದ್ದರು!

ಶಬಾನಾ ಇಪ್ಪತ್ತರ ಹುಡುಗಿ, ಅಲ್ಲೇ ಹುಟ್ಟಿದವಳು. ನಮ್ಮ ಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ, ಜಗಳಕ್ಕೆ ಮಾತ್ರ ಪೂರಾ ಕನ್ನಡ. ಅವಳಿಗೆ ಎಲ್ಲವೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅದನ್ನು ನಾನು ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ. ಮೊದಲ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಫುಪ್ಪು, ನೀವು ನನ್ನ ಆಟ ಬಿಡಿಸೋಕೆ ಬಂದವರಾ?” ಎಂದು ನೇರ ಕೇಳಿದಳು. ಸೋದರತ್ತೆಗೆ ನಮ್ಮಲ್ಲಿ ಫುಪ್ಪು ಅನ್ನುತ್ತಾರೆ.

“ಮೊದಲ ಆಟ ತೋರಸು. ಬಿಡಸೂದು ಆಮ್ಯಾಲ ನೋಡೂಣು,” ಎಂದೆ.

ಹ್ಯಾಮಿಲ್ಟನ್ನಿನಲ್ಲಿ ಆಗ ಐಸ್ ಅಂಗಳವೇ ಇರಲಿಲ್ಲ. ಶಬಾನಾಳ ಕಾಲೇಜಿನ ತಂಡ ಮಂಗಳವಾರ ಸಂಜೆ ಅಂಗಡಿಯೊಂದರ ಕಾರು ನಿಲ್ಲಿಸುವ ಸಿಮೆಂಟ್ ನೆಲದಲ್ಲಿ ಗಾಲಿ ಬೂಟು ಹಾಕಿಕೊಂಡು ಅಭ್ಯಾಸ ಮಾಡುತ್ತಿತ್ತು. ಐಸ್ ಮೇಲೆ ಕಾಲಿಡಬೇಕೆಂದರೆ ವಾರಕ್ಕೊಮ್ಮೆ ಆಕ್ಲೆಂಡಿಗೆ, ನಸುಕಿನಲ್ಲಿ ಎದ್ದು. ಹನ್ನೊಂದು ಹುಡುಗರು, ಮೂರು ಹುಡುಗಿಯರು. ಕೋಚ್ ಕೆವಿನ್ ಹಾಲಿನ ಟ್ಯಾಂಕರ್ ಓಡಿಸುವವನು, ಹೆಚ್ಚು ಮಾತಿಲ್ಲದ ಕೆಂಪು ಗಡ್ಡದ ಮನುಷ್ಯ. ಗೋಲಿನಲ್ಲಿ ಮೈತುಂಬ ಗಾದಿ ಕಟ್ಟಿಕೊಂಡು, ಮುಖಕ್ಕೆ ಜಾಲರಿ ಹಾಕಿಕೊಂಡು ನಿಂತಿದ್ದ ನಮ್ಮ ಹುಡುಗಿಯನ್ನು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಆದರೆ ಅವಳು ಮೊದಲ ಹೊಡೆತ ತಡೆದ ರೀತಿ ನೋಡಿದ್ದೇ ನನ್ನ ಬೆನ್ನು ನೆಟ್ಟಗಾಯಿತು. ಚೆಂಡು ಬರುವ ಮೊದಲೇ ಅವಳ ಭುಜ ಅಲ್ಲಿರುತ್ತಿತ್ತು. ಮೂವತ್ತೆರಡು ವರ್ಷ ನಾನು ಮಕ್ಕಳಿಗೆ ಅದನ್ನು ಕಲಿಸಲು ಒದ್ದಾಡಿದ್ದೇನೆ. ಅದು ಕಲಿಸಿದರೆ ಬರುವುದಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಬಷೀರನ ಜೊತೆ ಚೌಕಾಸಿಗೆ ಇಳಿದೆ. ಮುಂದಿನ ಶನಿವಾರದಿಂದ ಆಕ್ಲೆಂಡಿನ ದೊಡ್ಡ ಕಾಲೇಜಿನ ತಂಡದ ಜೊತೆ ಇವರ ಸರಣಿ. ಮೂರು ಪಂದ್ಯ, ಎರಡು ಗೆದ್ದವರು ಫೈನಲ್ಲಿಗೆ. ಆ ತಂಡಕ್ಕೆ ಇವರು ಮೂರು ವರ್ಷದಿಂದ ಸೋಲುತ್ತಲೇ ಬಂದಿದ್ದರು.

“ಈ ಸರಣಿ ಗೆದ್ರ ಆಕಿ ಆಡ್ತಾಳ, ನೀ ಬಾಯಿ ತಗೀಬಾರ್ದು. ಸೋತ್ರ ನಾನ ಮುಂದ ನಿಂತು ಬಿಡಸ್ತೀನಿ. ಆತಿಲ್ಲೋ?”

ಬಷೀರ ಲೆಕ್ಕ ಹಾಕಿದ. ಮೂರು ವರ್ಷದ ಸೋಲು ನೆನಪಾಗಿರಬೇಕು. “ಆತು,” ಎಂದು ಕೈ ಮುಂದೆ ಮಾಡಿದ. ಕೈ ಕುಲುಕಿದೆವು. ಅವನ ಹೆಂಡತಿ ಜುಬೇದಾ, ಆಸ್ಪತ್ರೆಯಲ್ಲಿ ನರ್ಸು, ಇಬ್ಬರನ್ನೂ ನೋಡಿ ಏನೋ ಹೇಳಲು ಹೊರಟವಳು ಸುಮ್ಮನೆ ಅನ್ನ ಬಡಿಸಿದಳು. ಶಬಾನಾಳ ಕೋಣೆಗೆ ಹೋಗಿ, ನಿನಗಾಗಿ ಎಂಥ ಒಪ್ಪಂದ ಮಾಡಿಸಿದ್ದೇನೆ ನೋಡು ಎಂದು ಹೇಳಿದೆ. ಅವಳು ಕಿವಿಯಿಂದ ಐಪಾಡಿನ ವೈರು ತೆಗೆದು ಕೇಳಿಸಿಕೊಂಡಳು, ಭುಜ ಕುಣಿಸಿದಳು, ಮತ್ತೆ ಕಿವಿಗೆ ಹಾಕಿಕೊಂಡಳು. ಖುಷಿಗೆ ಮಾತು ಬರುತ್ತಿಲ್ಲ ಅಂದುಕೊಂಡು ನಾನು ಹೊರಬಂದೆ.

ನ್ಯೂ ಲಿನ್, ಮೊದಲ ಶನಿವಾರ

ಐಸ್ ಅಂಗಳ ಇದ್ದದ್ದು ಆಕ್ಲೆಂಡಿನ ನ್ಯೂ ಲಿನ್ ಹತ್ತಿರ. ನಾನು ತಂಡದ ವ್ಯಾನಿನಲ್ಲೇ ಹೋದೆ, ಬೆವರು ನಾರುವ ಚೀಲಗಳ ನಡುವೆ. ನಮ್ಮದೂ ಅದೇ ಅಂಗಳ, ಅವರದೂ ಅದೇ ಅಂಗಳ. ಆದರೆ ಅವರು ಅದನ್ನು ಸ್ವಂತ ಮನೆಯೆಂದೇ ತಿಳಿದಿದ್ದರು. ಗೋಡೆಯ ತುಂಬ ಅವರ ಬಾವುಟ, ಮೆಟ್ಟಿಲ ತುಂಬ ಅವರ ಹುಡುಗರು. ನಮ್ಮವರು ಒಳಗೆ ಕಾಲಿಟ್ಟಿದ್ದೇ ಇಡೀ ಶೆಡ್ಡು “ಮೂ... ಮೂ...” ಎಂದು ಕೂಗಿತು. ಹ್ಯಾಮಿಲ್ಟನ್ನಿನವರು ದನ ಕಾಯುವವರು ಅಂತ ಹಂಗಿಸುವುದು. ನನಗೆ ಮೈಯೆಲ್ಲ ಉರಿಯಿತು. ಒಬ್ಬಳೇ ಎದ್ದು ನಿಂತು ಆ ಕಡೆ ತಿರುಗಿ, “ಅಂಬಾ... ಅನ್ರಲೇ! ದನಾ ಹೆಂಗ ಒದರ್ತೈತಿ ಅನ್ನೂದೂ ಗೊತ್ತಿಲ್ಲ, ಬಂದಾರ ಇಲ್ಲಿ!” ಎಂದು ಕೂಗಿದೆ. ಮಾತು ಅವರಿಗೆ ತಿಳಿಯಲಿಲ್ಲ, ಆದರೆ ನನ್ನ ಸೀಟಿ ದನಿ ತಲುಪಿತು. ಎದುರಿನ ಮೆಟ್ಟಿಲಿನವರೆಲ್ಲ ನನ್ನ ಕಡೆ ತಿರುಗಿದರು.

ಆಟ ನಮ್ಮ ಹಾಕಿಗಿಂತ ಹತ್ತು ಪಟ್ಟು ಜೋರು. ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಪಕ್ ಅನ್ನುತ್ತಾರೆ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆಗೆ ಆರೇ ಜನ. ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸುತ್ತಾರೆ, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಆಡಬೇಕು. ಆಟ ಮೂರು ಅವಧಿ, ನಡುನಡುವೆ ಟ್ರ್ಯಾಕ್ಟರಿನಂಥ ಗಾಡಿ ಬಂದು ನೀರು ಬಿಟ್ಟು ಐಸನ್ನು ನುಣ್ಣಗೆ ಸಾರಿಸಿ ಹೋಗುತ್ತದೆ, ನಮ್ಮ ಅಂಗಳ ಸಾರಿಸಿದ ಹಾಗೆಯೇ, ರಂಗೋಲಿಯೊಂದು ಇಲ್ಲ.

ಕೊನೆಗೆ ಒಂದೂವರೆ ನಿಮಿಷ ಉಳಿದಿತ್ತು. ಅವರು ಮೂರು, ನಾವು ಎರಡು. ಆಗ ಕೆವಿನ್ ಕೈ ಬೀಸಿದ. ಶಬಾನಾ ಗೋಲು ಬಿಟ್ಟು ಜೋರಾಗಿ ಜಾರುತ್ತ ಬಂದು ಆಟಗಾರರ ಬೆಂಚಿನೊಳಗೆ ಹೊಕ್ಕಳು. ಅವಳ ಬದಲು ಇನ್ನೊಬ್ಬ ಹುಡುಗ ಐಸಿಗೆ ಹಾರಿದ. ನಮ್ಮ ಗೋಲು ಬಾಯಿ ತೆರೆದು ಖಾಲಿ ನಿಂತಿತು.

ಗೋಲ್‌ಕೀಪರ್ ಗೋಲು ಬಿಟ್ಟು ಹೊರಗೆ ಬರುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಾವು ಆಡುವ ಕಾಲದಲ್ಲಿ ಗೋಲ್‌ಕೀಪರ್ ಹೊರಗೆ ಬಂದರೆ ನಾಲ್ಕು ಜನ ಹೊತ್ತುಕೊಂಡೇ ಬರಬೇಕು. ಮೂರನೇ ಗೋಲು ಬಿಟ್ಟಳೆಂದು ಇವನು ಅವಳನ್ನು ಎಲ್ಲರೆದುರು ಹೊರಗೆ ಹಾಕಿದ ಎಂದೇ ನನಗನ್ನಿಸಿತು. ಬೆಂಚಿನ ಹಿಂದೆಯೇ ನಾನಿದ್ದೆ. ಎದ್ದವಳೇ ಒಳಗೆ ನುಗ್ಗಿದೆ.

“ಏನ್ ತಪ್ಪ ಮಾಡ್ಯಾಳ ಆಕಿ? ಹಾ? ಇಷ್ಟೊತ್ತು ನಿಮ್ಮ ಮಾನ ಕಾಯ್ದಾಕಿ ಆಕಿ!”

ಕೆವಿನ್ ಬಾಯಿ ತೆರೆದು ನೋಡಿದ. ಐಸಿಗೆ ಹೋಗುವ ಪುಟ್ಟ ಬಾಗಿಲ ಚಿಲಕ ತೆಗೆದು, ಶಬಾನಾಳ ಬೆನ್ನಿಗೆ ಕೈ ಕೊಟ್ಟು, “ಹೋಗು! ಗೋಲಿಗೆ ಹೋಗು! ಯಾರ್ ಹೇಳಿದ್ರೂ ಬಿಡಬ್ಯಾಡ!” ಎಂದು ನೂಕಿದೆ. ಪಾಪ, ಹುಡುಗಿ ಅತ್ತ ನೋಡುತ್ತ ನಿಂತಿದ್ದಳು. ಅಷ್ಟೂ ಗಾದಿಯ ಸಮೇತ ಜೋಳದ ಚೀಲದ ಹಾಗೆ ಐಸಿನ ಮೇಲೆ ಬಿದ್ದು ಹತ್ತು ಅಡಿ ಜಾರಿ ಹೋದಳು.

ರೆಫ್ರಿ ಸೀಟಿ ಊದಿದ. ಐಸಿನ ಮೇಲೆ ನಮ್ಮವರು ಏಳು ಜನ, ಇರಬೇಕಾದ್ದು ಆರು. ನನ್ನ ತಪ್ಪಿಗೆ ನಮ್ಮ ಹುಡುಗನೊಬ್ಬ ಗಾಜಿನ ಪೆಟ್ಟಿಗೆಯಲ್ಲಿ ಹೋಗಿ ಕೂತ. ಪಂದ್ಯ ಮೂರಕ್ಕೆ ಎರಡರಲ್ಲೇ ಮುಗಿಯಿತು.

ವಾಪಸು ಬರುವಾಗ ಶಬಾನಾ ವಿವರಿಸಿದಳು. ಸೋಲುತ್ತಿರುವ ತಂಡ ಕೊನೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆದು, ಆ ಜಾಗಕ್ಕೆ ಗೋಲು ಹೊಡೆಯುವವನೊಬ್ಬನನ್ನು ಕಳಿಸುತ್ತದೆ. ಹೇಗೂ ಸೋಲು, ಒಂದು ಕೈ ನೋಡಿಬಿಡೋಣ ಅಂತ. ಅದು ಅವಮಾನವಲ್ಲ, ಪದ್ಧತಿ. ವ್ಯಾನಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮನೆಯಲ್ಲಿ ಬಷೀರ ಸ್ಕೋರು ಕೇಳಿ, “ಒಂದಾತು,” ಎಂದ. ಅವನ ಮುಖದಲ್ಲಿ ನಗು ಇರಲಿಲ್ಲ, ಆದರೂ ಆ ಎರಡು ಪದಕ್ಕೆ ಅವನ ತಲೆಗೊಂದು ಕೊಡಬೇಕೆನ್ನಿಸಿತು. ಹುಡುಗಿ ಆಟ ಕಳೆದುಕೊಂಡರೆ ಅದರಲ್ಲಿ ನನ್ನ ಕೈಯೂ ಇರುತ್ತದಲ್ಲ ಎಂದು ಆ ವಾರ ನನಗೆ ಅನ್ನ ಇಳಿಯಲಿಲ್ಲ.

ಮಂಗಳವಾರ ಕೆವಿನ್ನನ ಕ್ಷಮೆ ಕೇಳಲು ಹೋದೆ. ಅರ್ಧ ಕ್ಷಮೆ ಕೇಳಿದೆ, ಅರ್ಧ ಜಗಳವಾಡಿದೆ. ಪದ್ಧತಿ ಇರಬಹುದು, ಆದರೆ ಪ್ರೇಕ್ಷಕರಿಗೆ ಮೊದಲೇ ಹೇಳಬೇಕಲ್ಲವೇ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ದಬಾಯಿಸಿದೆ. ಅವನು ಪೂರ್ತಿ ಕೇಳಿ, ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು ಕೈಗಿಟ್ಟ. “ಆಂಟಿ, ನಿಮಗೆ ಬಾಗಿಲು ತೆಗೆಯೋ ಆಸೆ ಬಹಳ ಇದ್ದ ಹಾಗಿದೆ. ಶನಿವಾರ ನೀವೇ ತೆಗೀರಿ. ನಾನು ಹೇಳಿದಾಗ ಮಾತ್ರ.”

ಆ ಪುಸ್ತಕವನ್ನು ನಾನು ಡಿಕ್ಷನರಿ ಇಟ್ಟುಕೊಂಡು ಮೂರು ದಿನದಲ್ಲಿ ಅರೆದು ಕುಡಿದೆ.

ನ್ಯೂ ಲಿನ್, ಎರಡನೇ ಶನಿವಾರ

ಬೆಂಚಿನ ಬಾಗಿಲು ಕಾಯುವುದು ಕುಳಿತು ಮಾಡುವ ಕೆಲಸವೆಂದು ಯಾರೂ ತಿಳಿಯಬಾರದು. ಆ ಆಟದಲ್ಲಿ ಒಬ್ಬೊಬ್ಬರೂ ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ ಓಡಿ ಬರುತ್ತಾರೆ, ಬದಲಿಗೆ ಇನ್ನೊಬ್ಬರು ಹೋಗುತ್ತಾರೆ, ಆಟ ನಿಲ್ಲುವುದೇ ಇಲ್ಲ. ಬರುವವನಿಗೆ ಬಾಗಿಲು ತೆರೆದಿರಬೇಕು, ಪಕ್ ಬಂದರೆ ಮುಚ್ಚಿರಬೇಕು. ತೆಗೆ, ಮುಚ್ಚು, ತೆಗೆ, ಮುಚ್ಚು. ಯಾವನದೋ ಕೋಲು ಬಡಿದು ನನ್ನ ಬೆರಳಗಂಟು ಬಾತುಕೊಂಡಿತು. ಬಿಡಲಿಲ್ಲ. ಬಸವಳಿದು ಬಂದ ಪ್ರತಿಯೊಬ್ಬರ ಬೆನ್ನಿಗೂ, “ಶಾಬಾಷ್, ನೀರ್ ಕುಡಿ, ಮತ್ತ ಹೋಗು,” ಅನ್ನುತ್ತಿದ್ದೆ. ಎರಡನೇ ಅವಧಿಯ ಹೊತ್ತಿಗೆ ಹುಡುಗರೇ ಒಬ್ಬರಿಗೊಬ್ಬರು “ಶಾಬಾಷ್” ಅನ್ನತೊಡಗಿದರು.

ಎದುರಿನವರು ಮತ್ತೆ ‘ಮೂ’ ಎಂದರು. ಈ ಸಲ ನಮ್ಮ ಬೆಂಚು ಎದ್ದು ನಿಂತು, ನಾನು ವ್ಯಾನಿನಲ್ಲಿ ಕಲಿಸಿದ ಹಾಗೆ, ಹೊಟ್ಟೆಯೊಳಗಿಂದ “ಅಂಬಾ...” ಎಂದಿತು. ಕೆವಿನ್ ಕೂಡ ಎಂದ! ಹಂಗಿಸುವ ಮಾತನ್ನು ಹೀಗೆ ಕಸಿದುಕೊಂಡುಬಿಟ್ಟರೆ ಹಂಗಿಸುವವನ ಕೈಯಲ್ಲಿ ಏನುಳಿಯುತ್ತದೆ? ನಾಲ್ಕಕ್ಕೆ ಒಂದು ಗೋಲಿನಿಂದ ಗೆದ್ದೆವು.

ಸ್ಯಾಂಡ್ರಿಂಗಮ್

ಮೂರನೆಯ ಪಂದ್ಯ ಮರುದಿನವೇ, ಭಾನುವಾರ ಮಧ್ಯಾಹ್ನ. ಬಷೀರನಿಗೆ ರಜೆ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ನಮ್ಮವರ ಅಂಗಡಿಗಳಲ್ಲಿ ತಿಂಗಳ ಸಾಮಾನು ತರುವುದಿತ್ತು, ಹಾಗಾಗಿ ನಮ್ಮಿಬ್ಬರನ್ನೂ ಕರೆದೊಯ್ದ. “ನಾ ಒಳಗ ಬರೂದಿಲ್ಲ, ಕಾರಿನ್ಯಾಗ ಕೂಡತೀನಿ,” ಎಂದು ಮೊದಲೇ ಹೇಳಿದ. ಮಗಳ ಒಂದು ಪಂದ್ಯವನ್ನೂ ಅವನು ಅದುವರೆಗೆ ನೋಡಿರಲಿಲ್ಲ.

ಅವನು ಜೋಳದ ಹಿಟ್ಟು, ಕೊತ್ತಂಬರಿ ಆರಿಸುವಾಗ ನಾನೂ ಶಬಾನಾಳೂ ಪಕ್ಕದ ಹೋಟೆಲಿನಲ್ಲಿ ಕೂತೆವು. ಹನ್ನೆರಡು ಸಾವಿರ ಕಿಲೋಮೀಟರು ಬಂದರೂ ಮೇಜು ಒರೆಸುವ ಬಟ್ಟೆಯದು ಅದೇ ವಾಸನೆ. ಹುಡುಗಿ ದೋಸೆ ತಿನ್ನದೆ ಮುರಿಯುತ್ತ ಕೂತಿದ್ದಳು. ಆಮೇಲೆ ಕೇಳಿದಳು.

“ಫುಪ್ಪು, ಹಲ್ಲು ಮುರಿದ ಆ ಪಂದ್ಯ ಸೋತಿದ್ರಾ? ಸೋತಿದ್ದಕ್ಕೆ ಬಿಟ್ರಿ ಅಂತಾರೆ ಡ್ಯಾಡ್.”

“ಯಾರ್ ಹೇಳಿದ್ರು ಸೋತ್ವಿ ಅಂತ?” ನನ್ನ ದನಿಗೆ ಪಕ್ಕದ ಮೇಜಿನವರು ತಿರುಗಿದರು. “ಗೆದ್ವಿ! ಎರಡಕ್ಕ ಸೊನ್ನಿ. ಹಲ್ಲ ಮುರದ ಮ್ಯಾಲೂ ಸೆರಗ ಬಾಯಿಗೆ ಒತ್ತಿ ಹಿಡದು ಹತ್ತ ನಿಮಿಷ ನಿಂತೀನಿ. ಒಂದ್ ಚಂಡ ಒಳಗ ಬಿಟ್ಟಿಲ್ಲ.”

“ಮತ್ತೆ ಯಾಕೆ ಬಿಟ್ರಿ?”

“ಮನೀಗೆ ಹೋದೆ. ನಮ್ಮ ಅಬ್ಬಾ, ನಿಮ್ಮಜ್ಜ, ನನ್ನ ಬಾಯಿ ನೋಡಿದ್ರು. ನಾಳೆಯಿಂದ ಬ್ಯಾಡ ಅಂದ್ರು. ನೀ ಏನಂತಿ ಅಂತ ಯಾರೂ ಕೇಳಲಿಲ್ಲವ್ವಾ. ಗೆದ್ದಿ ಏನು ಅಂತನೂ ಕೇಳಲಿಲ್ಲ.”

ಹೇಳಿ ಮುಗಿಸಿದಾಗ ಕಣ್ಣು ಮಂಜಾದದ್ದು ನಿಜ. ನಲವತ್ತು ವರ್ಷ ಕಳೆದಿದೆ, ಹಲ್ಲು ಕಟ್ಟಿಸಿಕೊಂಡಿದ್ದೇನೆ, ಸಾವಿರಾರು ಹುಡುಗಿಯರನ್ನು ಆಡಿಸಿದ್ದೇನೆ, ಆದರೂ ಆ ಸಂಜೆಯನ್ನು ಇಂದಿಗೂ ಮರೆತಿಲ್ಲ. ಶಬಾನಾ ತಟ್ಟೆ ಹತ್ತಿರ ಎಳೆದುಕೊಂಡಳು. ದೋಸೆ ಪೂರ್ತಿ ತಿಂದಳು, ನನ್ನ ತಟ್ಟೆಯದ್ದನ್ನೂ ತಿಂದಳು.

ನ್ಯೂ ಲಿನ್, ಭಾನುವಾರ

ಆಟ ಶುರುವಾಗಲು ಹತ್ತು ನಿಮಿಷ ಇರುವಾಗ ಶಬಾನಾಳ ಕೊರಳ ಪಟ್ಟಿ ಕಾಣಲಿಲ್ಲ. ಗಂಟಲಿಗೆ ಪಕ್ ಬಡಿಯದಂತೆ ಗೋಲ್‌ಕೀಪರ್ ಕಟ್ಟುವ ದಪ್ಪ ಪಟ್ಟಿ ಅದು. ಅದಿಲ್ಲದೆ ಐಸಿಗೆ ಬಿಡುವುದಿಲ್ಲ ಎಂದು ಕೆವಿನ್ ಖಂಡಿತ ಹೇಳಿದ. ಮಳೆಯಲ್ಲಿ ನಾನೇ ಕಾರಿನ ಹತ್ತಿರ ಓಡಿದೆ. ಬಷೀರ ಸೀಟು ಹಿಂದೆ ಮಾಡಿ ಕಣ್ಣು ಮುಚ್ಚಿದ್ದ. ಡಿಕ್ಕಿಯಲ್ಲಿ ಹುಡುಕಿದರೆ ಪಟ್ಟಿ ದಿನಸಿ ಚೀಲದೊಳಗೆ, ಕೊತ್ತಂಬರಿ ಕಟ್ಟಿನ ಕೆಳಗೆ ಸಿಕ್ಕಿತು.

“ಕೊಡಿಲ್ಲೆ,” ಎಂದು ಬಷೀರ ಅದನ್ನು ಕಸಿದುಕೊಂಡ. “ಕಟ್ಟೂದು ನಿನಗ ಗೊತ್ತಾಗೂದಿಲ್ಲ. ಸಡಲ ಬಿಟ್ರ ಏನಾಗ್ತೈತಿ ನಾ ಕಂಡೀನಿ.”

ಒಳಗೆ ಹೋಗಿ ಮಗಳ ಮುಂದೆ ಮಂಡಿಯೂರಿ ಅವನೇ ಕಟ್ಟಿದ. ಎರಡು ಬೆರಳು ತೂರಿಸಿ ನೋಡಿದ, ಬಿಚ್ಚಿದ, ಮತ್ತೆ ಕಟ್ಟಿದ. “ಕೊತ್ತಂಬರಿ ವಾಸನೆ, ಡ್ಯಾಡ್,” ಎಂದಳು ಅವಳು. ಅವನು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಬೆಂಚಿನ ಹಿಂದೆ ಕೈ ಕಟ್ಟಿಕೊಂಡು ನಿಂತ, ಪಟ್ಟಿ ಸಡಿಲವಾದರೆ ನೋಡಬೇಕಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿದ.

ಆ ಪಂದ್ಯದ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು, ಆದರೆ ಓದುವವರಿಗೆ ಸಾಕಾಗುತ್ತದೆ. ಅವರು ಒಂದು ಹೊಡೆದರು. ನಾವು ಒಂದು ಹೊಡೆದೆವು. ಮೂರನೇ ಅವಧಿಯಲ್ಲಿ ನಮ್ಮ ಹುಡುಗಿಯೊಬ್ಬಳು, ಕೃಷಿ ಓದುವವಳು, ಗೋಲಿನ ಹಿಂದಿನಿಂದ ಸುತ್ತಿ ಬಂದು ಇನ್ನೊಂದು ತಳ್ಳಿದಳು. ನಾವು ಎರಡು, ಅವರು ಒಂದು. ಗಡಿಯಾರದಲ್ಲಿ ಎರಡು ನಿಮಿಷ.

ಆಗ ಎದುರಿನ ಗೋಲ್‌ಕೀಪರ್ ಗೋಲು ಬಿಟ್ಟು ಅವರ ಬೆಂಚಿಗೆ ಓಡಿದ. ಬಷೀರ ನನ್ನ ಭುಜ ಹಿಡಿದ.

“ಆಪಾ, ಅವರ ಕೀಪರ್ ಓಡಿಹೋದಾ! ಸೋಲು ಒಪ್ಕೊಂಡ್ರೇನು?”

“ಸುಮ್ನಿರು. ಹಂಗಲ್ಲ. ಇನ್ನ ಆರೂ ಮಂದಿ ನಮ್ಮ ಮ್ಯಾಲ ಬರ್ತಾರ,” ಎಂದೆ, ಹುಟ್ಟಿದಾಗಿನಿಂದ ಐಸಿನ ಮೇಲೆ ಬೆಳೆದವಳ ಹಾಗೆ.

ಬಂದರು. ಆರೂ ಜನ ನಮ್ಮ ಅಂಗಳದಲ್ಲೇ ಬೀಡುಬಿಟ್ಟರು. ಶಬಾನಾ ಒಂದನ್ನು ಕಾಲಿನಲ್ಲಿ ತಡೆದಳು. ಒಂದನ್ನು ಎದೆಯಲ್ಲಿ. ಮುಂದೆ ಜನ ನಿಂತು ಕಣ್ಣಿಗೇ ಕಾಣದ ಒಂದನ್ನು ಭುಜದಲ್ಲಿ ತಡೆದಳು, ಹೋದ ವರ್ಷ ಮುರಿದ ಎಲುಬಿನ ಭುಜದಲ್ಲೇ. ಹಿಂದೆ ನಿಂತಿದ್ದ ಬಷೀರ ನನ್ನ ಪಕ್ಕಕ್ಕೇ ನುಗ್ಗಿ ಬಂದ. ಅವಳು ಒಂದು ಮಂಡಿ ಊರಿದಳು. ತಲೆಯೆತ್ತಿ ಬೆಂಚಿನ ಕಡೆ ನೋಡಿದಳೆಂದು ಕಾಣುತ್ತದೆ, ಜಾಲರಿಯೊಳಗೆ ಮುಖ ಕಾಣಲಿಲ್ಲ. ಕೋಲಿನಿಂದ ಗೋಲಿನ ಎರಡೂ ಕಂಬಕ್ಕೆ ಟಕ್ ಟಕ್ ಎಂದು ಬಡಿದು ಎದ್ದು ನಿಂತಳು.

ಕೊನೆಯ ಹೊಡೆತ ಬಂದಾಗ ಇಡೀ ಶೆಡ್ಡು ಎದ್ದಿತ್ತು. ಪಕ್ ಅವಳ ಕೈಗವಸಿನೊಳಗೆ ಹೋಯಿತು, ಹೊರಗೆ ಬರಲಿಲ್ಲ. ಅವಳು ಅದನ್ನು ಎತ್ತಿ ಹಿಡಿದಳು. ಗಂಟೆ ಹೊಡೆಯಿತು.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ನಾನು ಬಾಗಿಲು ತೆಗೆದೆ, ಕೆವಿನ್ ಹೇಳದೆಯೇ ತೆಗೆದೆ, ಹದಿಮೂರೂ ಜನ ಅವಳ ಮೇಲೆ ಬಿದ್ದರು. ಬಷೀರ “ಎಲುಬು, ಎಲುಬು!” ಎಂದು ಕೂಗುತ್ತಲೇ ಐಸಿನ ಮೇಲೆ ಕಾಲಿಟ್ಟು ಕುಂಡೆಯೂರಿ ಬಿದ್ದ. ನಮ್ಮನ್ನು ಮೂರು ವರ್ಷ ದನ ಅಂದವರು ಸಾಲಾಗಿ ನಿಂತು ಒಬ್ಬೊಬ್ಬರ ಕೈಯನ್ನೂ ಕುಲುಕಿದರು. ಆ ಪದ್ಧತಿ ನನಗೆ ಹಿಡಿಸಿತು. ಆದರೂ ಹೊರಗೆ ಹೋಗುವಾಗ ಅವರ ಮೆಟ್ಟಿಲಿನ ಕಡೆ ತಿರುಗಿ ಒಂದು ಸಲ ಜೋರಾಗಿ “ಅಂಬಾ” ಎನ್ನದೆ ಬರಲಿಲ್ಲ. ತಪ್ಪೆಂದರೆ ತಪ್ಪು.

ಹ್ಯಾಮಿಲ್ಟನ್ನಿಗೆ ವಾಪಸು

ಆಕ್ಲೆಂಡ್ ದಾಟಿದ ಮೇಲೆ ಬಾಂಬೆ ಎನ್ನುವ ಊರು ಬರುತ್ತದೆ, ನಾಲ್ಕು ಮನೆ, ಒಂದು ಗುಡ್ಡ. ಶಬಾನಾ ಹಿಂದಿನ ಸೀಟಿನಲ್ಲಿ ಭುಜಕ್ಕೆ ಐಸಿನ ಚೀಲ ಒತ್ತಿಕೊಂಡು ಸಮೋಸಾ ತಿನ್ನುತ್ತಿದ್ದಳು. ಗುಡ್ಡ ಇಳಿಯುವಾಗ ಬಷೀರ ಬಾಯಿ ಬಿಟ್ಟ.

“ಮಾತು ಅಂದ್ರ ಮಾತು. ಗೆದ್ದಾಳ. ಆಡಲಿ. ನಾ ಇನ್ನ ಬಾಯಿ ತಗಿಯೂದಿಲ್ಲ.”

ದೊಡ್ಡ ಮನಸ್ಸು ಮಾಡಿ ಹೇಳಿದ ಮಾತು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಒಪ್ಪಂದ, ನನ್ನ ಗೆಲುವು! ಹಿಂದೆ ತಿರುಗಿ, “ಕೇಳಿದಿಲ್ಲೋ? ನಿಮ್ಮಪ್ಪ ಒಪ್ಪಿದ. ನಾ ಹೇಳಿದ್ದಿಲ್ಲಾ?” ಎಂದೆ.

ಶಬಾನಾ ಬಾಯಲ್ಲಿದ್ದದ್ದನ್ನು ನುಂಗಿದಳು.

“ಆ ಒಪ್ಪಂದಕ್ಕೆ ನಾನು ಯಾವಾಗ ಹೂಂ ಅಂದೆ?”

ಬಷೀರ ವೈಪರು ಜೋರು ಮಾಡಿದ.

“ಕೈ ಕುಲುಕಿದ್ದು ನೀವಿಬ್ಬರು. ನನ್ನ ಯಾರೂ ಕೇಳಲಿಲ್ಲ. ಡ್ಯಾಡೂ ಕೇಳಲಿಲ್ಲ, ನೀವೂ ಕೇಳಲಿಲ್ಲ, ಫುಪ್ಪು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಉತ್ತರ ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಮ್ಮ ಅಬ್ಬಾ ಅಂದು ಮಾಡಿದ್ದನ್ನೇ ನಾನು ಮಾಡಿದ್ದೆ. ಅವರು ಬೇಡ ಎಂದರು, ನಾನು ಬೇಕು ಎಂದೆ. ಅಷ್ಟೇ ವ್ಯತ್ಯಾಸ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನಾಚಿಕೆಗಿಂತ ದೊಡ್ಡ ಸಂತೋಷವೂ ಆಯಿತು, ಅದನ್ನು ಹೇಗೆ ಹೇಳಲಿ? ಹತ್ತೊಂಬತ್ತರಲ್ಲಿ ನನ್ನ ಬಾಯಿಂದ ಬರಬೇಕಿದ್ದ ಮಾತು ಇವಳ ಬಾಯಿಂದ, ಸಮೋಸಾದ ಜೊತೆ, ಏನೂ ವಿಶೇಷವಿಲ್ಲ ಎನ್ನುವಂತೆ ಬಂದಿತ್ತು.

“ತಪ್ಪಾತು ಮಗಳ,” ಎಂದೆ.

ಬಷೀರನಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಕನ್ನಡಿಯಲ್ಲಿ ಅವಳನ್ನು ನೋಡಿದ.

“ಅಲ್ಲಾ, ಹಂಗಾದ್ರ ಇವತ್ತ ಸೋತಿದ್ರ ಏನ್ ಮಾಡ್ತಿದ್ದಿ?”

“ಸೋತಿದ್ರೆ ಸೋತಿರ್ತಿದ್ವಿ, ಡ್ಯಾಡ್. ಮಂಗಳವಾರ ಪ್ರಾಕ್ಟೀಸ್ ಇದೆ.”

ಅವನು ವೈಪರು ನಿಲ್ಲಿಸಿದ. ಆಮೇಲೆ, ಯಾರ ಕಡೆಯೂ ತಿರುಗದೆ, ಎಷ್ಟು ಗಂಟೆಗೆ ಎಂದು ಕೇಳಿದ.